ತಲೆ ತಗ್ಗಿಸಿದವರ ಪುಟ

ನವೆಂಬರ್ ೬, ಸೋಮವಾರ

ಇವತ್ತಿನಿಂದ ಭಂಗಿಗಳೆಲ್ಲ ನನ್ನ ಕೈಗೆ ಬಂದವು. ನಿನ್ನೆ ಫೆನ್ನಾ ಮನೆಯ ಸಭೆಯಲ್ಲಿ, ಬಟಾಣಿ ಸಾರು ಕುಡಿಯುತ್ತ, ತೀರ್ಮಾನವಾಯಿತು. ನಮ್ಮ ಚಿತ್ರಸಂಗ್ರಹಕ್ಕೆ ಜನ ಕಳಿಸಿದ ಫೋಟೋಗಳು ಗುಡ್ಡೆ ಬಿದ್ದಿವೆ. ಕೂತವರು, ನಿಂತವರು, ಏಣಿ ಹತ್ತುವವರು, ಸೈಕಲ್ಲಿನ ಚೈನು ಸಿಕ್ಕಿಸುವವರು. ಚಿತ್ರ ಬರೆಯುವವರು ಜಾಲತಾಣಕ್ಕೆ ಬಂದು ತಮಗೆ ಬೇಕಾದ ಭಂಗಿಯನ್ನು ಹುಡುಕಿ, ನೋಡಿಕೊಂಡು ಬರೆಯಲಿ ಎಂದು ಇದನ್ನು ಶುರುಮಾಡಿದ್ದು. ಆದರೆ ಹುಡುಕಿದರೆ ಸಿಕ್ಕಬೇಕಲ್ಲ! ಕುಕ್ಕರಗಾಲಲ್ಲಿ ಕೂತವನಿಗೆ ಒಬ್ಬರು 'ಕುಕ್ಕರಗಾಲು' ಎಂದು ಟ್ಯಾಗ್ ಹಾಕಿದ್ದಾರೆ, ಇನ್ನೊಬ್ಬರು 'ತುದಿಗಾಲಲ್ಲಿ ಕೂತದ್ದು', ಮತ್ತೊಬ್ಬ ಮಹಾಶಯ 'ಇಲಿ ಹಿಡಿಯುವ ಹಾಗೆ'. ಒಂದು ಭಂಗಿಗೆ ಒಂದೇ ಹೆಸರು ಇರಬೇಕು ಎಂದು ನಾನು ಹೇಳುತ್ತಲೇ ಬಂದಿದ್ದೆ. ಕೊನೆಗೂ "ಹಾಗಾದ್ರೆ ನೀನೇ ಮಾಡು" ಎಂದರು.

ಫೆನ್ನಾ ಎರಡು ಷರತ್ತು ಹಾಕಿದಳು. ನಿವೃತ್ತಿಯಾಗುವ ತನಕ ಜನರ ಕೈಕಾಲು ತಿರುವಿ ನೋವು ಬಿಡಿಸುತ್ತಿದ್ದವಳು, ಮಾತೂ ಹಾಗೇ, ಹಿಡಿದು ತಿರುವುತ್ತಾಳೆ. "ಮೈ ಏನ್ ಮಾಡ್ತಿದೆ ಅಷ್ಟನ್ನೇ ಬರಿ, ಗೇಸ್ಕೆ. ಮನಸ್ಸಿನ ಸುದ್ದಿ ನಮಗೆ ಬೇಡ. ಇನ್ನೊಂದು, ಯಾವ ಫೋಟೋನೂ ದೊಡ್ಡದು ಮಾಡಿ ನೋಡ್ದೆ ಹೆಸರು ಬದಲಾಯಿಸ್ಬೇಡ. ನೋಡಿದ್ಮೇಲೆ ಟಿಕ್ ಹಾಕು." ಓನ್ನೊ ಪ್ರತಿ ಚಿತ್ರದ ಕೆಳಗೂ 'ನೋಡಿದೆ' ಎಂಬ ಚೌಕ ಮಾಡಿಕೊಟ್ಟಿದ್ದಾನೆ. ಜಾಲತಾಣ ಕಟ್ಟಿದವನು ಅವನೇ. ಹಗಲು ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾನೆ, ಸಂಜೆ ನಮ್ಮದನ್ನು. ಸಭೆ ಮುಗಿಯುವ ತನಕ ಕೈ ಕಟ್ಟಿಕೊಂಡೇ ನಿಂತಿದ್ದ. ನನ್ನ ಮೇಲೆ ನಂಬಿಕೆಯಿಲ್ಲ, ನಿಂತ ರೀತಿಯಲ್ಲೇ ಗೊತ್ತಾಗುತ್ತದೆ.

ರೆನ್ಸ್ಕೆ ಅಕ್ಕ ಫೋನ್ ಮಾಡಿದ್ದಳು. "ಕೆಲಸ ಹೇಗಿದೆ?" ಅಂದಳು. ಕೈತುಂಬ ಇದೆ ಅಂದೆ. ನಾನು ಚಿತ್ರ ಬರೆದುಕೊಡುವ ಶಾಲಾ ಪುಸ್ತಕದವರು ಜೂನ್‌ನಿಂದ ಒಂದು ಚಿತ್ರವನ್ನೂ ಕೇಳಿಲ್ಲ.

ನವೆಂಬರ್ ೯, ಗುರುವಾರ

ಒಳ್ಳೆಯ ದಿನ. ಕುಕ್ಕರಗಾಲಿನವರೆಲ್ಲ ಒಂದು ಕಡೆ, ಚಕ್ಕಳಮಕ್ಕಳದವರು ಒಂದು ಕಡೆ. ಮಂಡಿಯೂರಿದವರಲ್ಲಿ ಒಂಟಿ ಮಂಡಿ, ಜೋಡಿ ಮಂಡಿ ಎಂದು ಎರಡು. ಗಾಜು ಒರೆಸಿದ ಮೇಲೆ ಕಿಟಕಿಯ ಮುಂದೆ ನಿಂತಂತೆ ಅನ್ನಿಸಿತು.

ಎಲ್ಲೋ ಒಂದೊಂದು ಫೋಟೋಗೆ ಮಾತ್ರ ಅಂಟಿಕೊಂಡ ವಿಚಿತ್ರ ಟ್ಯಾಗ್‌ಗಳನ್ನೆಲ್ಲ ಒಟ್ಟು ಮಾಡಿ ಅಳಿಸಿದೆ. ಲಾಮ್ಮಿ ಎಂಬ ಸದಸ್ಯೆಯೊಬ್ಬಳದೇ ಅರ್ಧಕ್ಕಿಂತ ಹೆಚ್ಚು. 'ಬಾತುಕೋಳಿಗೆ ಬೈಯುವಾಗ'. 'ಬೆಣ್ಣೆ ಗಟ್ಟಿಯಾಗಿದ್ದ ದಿನ'. ಇದು ಭಂಗಿಯೇ? ಯಾರು ಇದನ್ನು ಹುಡುಕುತ್ತಾರೆ? ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ. ಮಿಕ್ಕವನ್ನು ಓದಲಿಲ್ಲ.

ನವೆಂಬರ್ ೧೬, ಗುರುವಾರ

ಬೆಳಿಗ್ಗೆ ಪ್ರಕಾಶಕರ ಇಮೇಲ್ ಬಂತು. ಮುಂದಿನ ವರ್ಷದ ಪುಸ್ತಕಗಳ ಚಿತ್ರಗಳಿಗೆ 'ಬೇರೆ ವ್ಯವಸ್ಥೆ' ಮಾಡಿಕೊಂಡಿದ್ದಾರಂತೆ. ಇಷ್ಟು ವರ್ಷಗಳ ಸಹಕಾರಕ್ಕೆ ವಂದನೆಯಂತೆ. ಓದಿದ ಮೇಲೆ ಏನಾದರೊಂದನ್ನು ಪೂರ್ತಿ ಮುಗಿಸಲೇಬೇಕು ಎನ್ನಿಸಿಬಿಟ್ಟಿತು.

ತಲೆ ಬಗ್ಗಿಸಿದವರನ್ನು ತೆಗೆದುಕೊಂಡೆ. ಅದೊಂದು ದೊಡ್ಡ ಗೋಜಲು. 'ನೆಲ ನೋಡುತ್ತ', 'ಕುತ್ತಿಗೆ ಕೆಳಗೆ', 'ಬೆನ್ನು ಬಾಗಿ', 'ಮುದುಡಿ', ಇನ್ನೂ ಏನೇನೋ. ಹುಡುಕಲು ಬರುವವರು ಇದ್ಯಾವುದನ್ನೂ ಬರೆಯುವುದಿಲ್ಲ. 'ಅವಮಾನ' ಎಂದು ಬರೆಯುತ್ತಾರೆ. ಹಾಗಾಗಿ ಎಲ್ಲವನ್ನೂ 'ಅವಮಾನದಿಂದ ತಲೆ ತಗ್ಗಿಸಿ' ಎಂಬುದರ ಕೆಳಗೆ ತಂದೆ. ಫೆನ್ನಾ ಗೊಣಗುತ್ತಾಳೆ, ಗೊಣಗಲಿ. ಬರುವವರಿಗೆ ಸಿಕ್ಕುತ್ತದೆ.

ಫೋಟೋಗಳು ನೂರಾರು. ಮೊದಲ ಕೆಲವನ್ನು ತೆರೆದು ನೋಡಿದೆ. ಆಮೇಲೆ ಚಿಕ್ಕ ಚಿತ್ರದಲ್ಲೇ ಗೊತ್ತಾಗುತ್ತಿತ್ತು. ಉಳಿದವಕ್ಕೆಲ್ಲ ಒಟ್ಟಿಗೆ ಟಿಕ್ ಹಾಕಿದೆ.

ನವೆಂಬರ್ ೧೭, ಶುಕ್ರವಾರ

ಟಿಕ್ ಹಾಕಿದ್ದು ಸ್ವಲ್ಪ ಚುಚ್ಚುತ್ತಿದೆ. ಸಂಜೆ ಕೂತು ತೆರೆದು ನೋಡೋಣ ಎಂದುಕೊಂಡೆ. ನೋಡಲಿಲ್ಲ.

ಡಿಸೆಂಬರ್ ೫, ಮಂಗಳವಾರ

ಸಿಂಟರ್‌ಕ್ಲಾಸ್ ಹಬ್ಬಕ್ಕೆ ಅಕ್ಕನ ಮನೆ. ಅವತ್ತು ಉಡುಗೊರೆಯ ಜೊತೆ ಒಬ್ಬರಿಗೊಬ್ಬರು ಪದ್ಯ ಕಟ್ಟಿ ಓದುವುದು ರೂಢಿ. ಅವಳು ನನಗೆಂದು ಕಟ್ಟಿದ ಪದ್ಯದಲ್ಲಿ 'ಬಿಡುವಿಲ್ಲದ ನಮ್ಮ ಕಲಾವಿದೆ' ಎಂಬ ಸಾಲಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಶುಂಠಿ ಬಿಸ್ಕತ್ತು ಬಾಯಿಗೆ ತುಂಬಿಕೊಂಡೆ. ಅಕ್ಕ ಸೋಫಾದಲ್ಲಿ ಕಾಲಮೇಲೆ ಕಾಲು ಹಾಕಿ ಕೂತು ನನ್ನನ್ನೇ ನೋಡುತ್ತಿದ್ದಳು. ಅಕ್ಕನಿಗೆ ಗತ್ತು ಜಾಸ್ತಿ.

ನಮ್ಮ ಜಾಲತಾಣಕ್ಕೆ ಈಗ ಮೊದಲಿಗಿಂತ ಹೆಚ್ಚು ಜನ ಬರುತ್ತಿದ್ದಾರಂತೆ. 'ಈಗ ಹುಡುಕಿದ್ದು ಸಿಗುತ್ತದೆ' ಎಂದು ಬರೆದಿದ್ದಾರೆ. ಓನ್ನೊ ಅದನ್ನು ನನಗೆ ಕಳಿಸಿದ. ನಾನು ಈಗಲೂ ಏನೋ ಒಂದು ಆಗಿರುವುದು ಅಲ್ಲಿ ಮಾತ್ರ.

ಜನವರಿ ೯, ಮಂಗಳವಾರ

ಎಲ್ಲಿಂದ ಬರೆಯಲಿ.

ಫೆನ್ನಾ ಮೇಜಿನ ಸುತ್ತ ನಾವು ಮೂವರೂ ಕೂತಿದ್ದೆವು. ಓನ್ನೊ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟ. ಆ ಕಡೆ ಹಾರ್ಮ್ ಡೈಕೆಮಾ ಎಂಬ ಮುದುಕರು. ಕಾಲುವೆ ದಂಡೆಯ ಹಳ್ಳಿಯವರು, ಮೊದಲು ಸರಕಿನ ದೋಣಿ ನಡೆಸುತ್ತಿದ್ದರಂತೆ. ಅವರ ಹೆಂಡತಿ ವರ್ಷಗಟ್ಟಲೆ ಅವರ ಫೋಟೋ ತೆಗೆದು ನಮ್ಮ ಸಂಗ್ರಹಕ್ಕೆ ಕೊಟ್ಟಿದ್ದಾರೆ.

"ನಿಮ್ಮ ಮೇಲೆ ಕೋಪ ಇಲ್ಲಪ್ಪ," ಅಂದರು. "ಒಂದೇ ಒಂದು ಮಾತು ಕೇಳ್ಬೇಕಿತ್ತು. ನಾನು ಯಾವಾಗ ಅವಮಾನ ಪಟ್ಕೊಂಡೆ ಅಂತ."

ಅವರ ಊರಿನ ಬಸ್ ನಿಲ್ದಾಣದಲ್ಲಿ ಕುಡಿತ ಬಿಡಿಸುವ ಸಂಘವೊಂದರ ಪೋಸ್ಟರ್ ಬಂದಿದೆ. ತಲೆ ತಗ್ಗಿಸಿ ನಿಂತ ಮುದುಕನ ಚಿತ್ರ. ಕೆಳಗೆ 'ನಾಚಿಕೆ ಬೇಡ, ಸಹಾಯ ಕೇಳಿ'. ಚಿತ್ರ ಬರೆದವನು ನಮ್ಮಲ್ಲಿ 'ಅವಮಾನ' ಎಂದು ಹುಡುಕಿ, ಸಿಕ್ಕ ಫೋಟೋ ನೋಡಿ ಇದ್ದಹಾಗೇ ಇಳಿಸಿದ್ದಾನೆ. ಟೋಪಿ ಅವರದೇ, ಕೋಟಿನಲ್ಲಿ ಒಂದು ಗುಂಡಿ ಇಲ್ಲದ್ದೂ ಹಾಗೇ.

"ನನ್ನ ಬೆನ್ನುಮೂಳೆ ಒಂದಕ್ಕೊಂದು ಅಂಟ್ಕೊಂಡ್ಬಿಟ್ಟಿದೆ, ಮೂವತ್ತು ವರ್ಷ ಆಯ್ತು," ಅಂದರು ಹಾರ್ಮ್. "ನಾನು ತಲೆ ತಗ್ಸಿಲ್ಲಪ್ಪ. ನನ್ನ ತಲೆ ಇರೋದೇ ಅಲ್ಲಿ."

ಫೆನ್ನಾ ಕಣ್ಣು ಮುಚ್ಚಿಕೊಂಡಳು.

"ಬೇಕರಿಯವಳು ಬ್ರೆಡ್ ಕೊಡ್ತಾ, 'ಈಗ ಒಳ್ಳೊಳ್ಳೆ ಸಹಾಯ ಸಿಗುತ್ತಂತೆ ಹಾರ್ಮಣ್ಣ' ಅಂದ್ಲು. ಅವತ್ತಿಂದ ನಾನು ಹೋಗ್ತಿಲ್ಲ. ಪಕ್ಕದ ಮನೆಯೋನೇ ತಂದ್ಕೊಡ್ತಾನೆ. ಅದೂ ಹೋಗ್ಲಿ. ಲಾಮ್ಮಿ ಒಂದೊಂದು ಫೋಟೋಗೂ ಒಂದೊಂದು ಮಾತು ಬರೆದಿದ್ಲು. ನಾನು ಸಂಜೆ ಹೊತ್ತು ಓದ್ತಿದ್ದೆ. ನವೆಂಬರ್ನಲ್ಲಿ ನೋಡಿದ್ರೆ ಒಂದೂ ಇಲ್ಲ. ಎಲ್ಲಿಗೋದ್ವು?"

ಓನ್ನೊ ನನ್ನ ಕಡೆ ನೋಡಲೂ ಇಲ್ಲ. "ಹಾರ್ಮ್ ಅವರೇ, ಪ್ರತಿ ಚಿತ್ರನೂ ನಮ್ಮೋರು ತೆರೆದು ನೋಡಿದ್ದಾರೆ, ಟಿಕ್ ಇದೆ. ನೋಡಿದೋರು ಯಾರೂ ಹೀಗೆ ಮಾಡಲ್ಲ. ನನ್ನ ಪ್ರೋಗ್ರಾಮೇ ಆಮೇಲೆ ಏನೋ ಎಡವಟ್ಟು ಮಾಡಿದೆ. ತಪ್ಪು ನಂದು."

ಫೋನಿಟ್ಟ ಮೇಲೆ ಫೆನ್ನಾ ಕೇಳಿದಳು: "ಆ ಹೆಂಗಸು ಬರೆದಿದ್ದು ನಿನ್ನ ಕಣ್ಣಿಗೆ ಬಿದ್ದಿತ್ತಾ ಗೇಸ್ಕೆ?"

"ಇಲ್ಲ," ಅಂದೆ.

ಅಷ್ಟು ಸಲೀಸಾಗಿ ಬಾಯಿಂದ ಬಂತು. ಯಾರು ಏನು ಬದಲಿಸಿದರೆಂದು ನಮ್ಮ ಜಾಲತಾಣ ಎಲ್ಲೂ ದಾಖಲಿಸುವುದಿಲ್ಲ. ಮೂರೇ ಜನ, ಒಬ್ಬರನ್ನೊಬ್ಬರು ನಂಬುತ್ತೇವೆ. ಅಳಿಸಿದ್ದನ್ನು ವಾಪಸು ತರುವ ಗಡುವೂ ಡಿಸೆಂಬರಿಗೇ ಮುಗಿದುಹೋಗಿದೆಯಂತೆ.

ಜನವರಿ ೧೦, ಬುಧವಾರ

ಇವತ್ತು ಹಾರ್ಮ್ ಡೈಕೆಮಾ ಅವರ ಫೋಟೋಗಳನ್ನು ತೆರೆದು ನೋಡಿದೆ. ಒಂದೂ ಬಿಡದೆ.

ಚಿಕ್ಕ ಚಿತ್ರದಲ್ಲಿ ಟೋಪಿ ಮತ್ತು ಬಾಗಿದ ಬೆನ್ನು ಮಾತ್ರ ಕಾಣುತ್ತದೆ. ದೊಡ್ಡದು ಮಾಡಿದರೆ ಅವರು ನಗುತ್ತಿದ್ದಾರೆ. ಹೆಚ್ಚಿನವುಗಳಲ್ಲಿ ನಗುತ್ತಲೇ ಇದ್ದಾರೆ.

ಜನವರಿ ೧೩, ಶನಿವಾರ

ಓನ್ನೊ ಕ್ಷಮೆ ಕೇಳಲು ಅವರ ಮನೆಗೆ ಹೊರಟ. "ನೀವೂ ಬನ್ನಿ, ಇಬ್ರಿದ್ರೆ ಚೆನ್ನಾಗಿರುತ್ತೆ" ಅಂದ. ಬರುವುದಿಲ್ಲ ಎನ್ನಲು ಕಾರಣ ಸಿಗಲಿಲ್ಲ.

ಹಾರ್ಮ್ ಬಾಗಿಲು ತೆಗೆದು ನಮ್ಮ ಕಾಲುಗಳಿಗೆ ಸ್ವಾಗತ ಹೇಳಿದರು. "ಬನ್ನಿ ಬನ್ನಿ, ಬೇಗ ಕೂತ್ಕೊಳ್ಳಿ. ನಿಂತೇ ಇದ್ರೆ ನಂಗೆ ನಿಮ್ಮ ಬೂಟಿನ ಪರಿಚಯ ಮಾತ್ರ ಆಗೋದು." ಕಾಫಿ ಕೊಟ್ಟರು, ಜೊತೆಗೆ ಜೇನು ಕೇಕಿನ ಹೋಳು, ಮೇಲೆ ದಪ್ಪಗೆ ಬೆಣ್ಣೆ. ಓನ್ನೊ ಅವರ ಕುರ್ಚಿಯ ಮುಂದೆ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತ, ಮುಖಕ್ಕೆ ಮುಖ ಸಿಗುವ ಹಾಗೆ. ನಾನು ಕಿಟಕಿಯ ಹತ್ತಿರ ನಿಂತೇ ಇದ್ದೆ.

"ಕಂಪ್ಯೂಟರ್ ತಪ್ಪು ಮಾಡಿದ್ರೆ ಏನ್ ಮಾಡೋಕಾಗುತ್ತಪ್ಪ," ಅಂದರು ಹಾರ್ಮ್. "ಯಾರಾದ್ರೂ ಮನುಷ್ಯರು ಮಾಡಿದ್ದು ಅಂತಾಗಿದ್ರೆ ಬೇಜಾರಾಗ್ತಿತ್ತು."

ಲಾಮ್ಮಿ ಹೋದ ವಸಂತದಲ್ಲಿ ತೀರಿಕೊಂಡರಂತೆ. ಟೀವಿ ನೋಡುವ ಬದಲು ದಿನಾ ಸಂಜೆ ಒಂದು ಫೋಟೋಗೆ ಹೆಸರಿಡುತ್ತಿದ್ದರಂತೆ, ಇಟ್ಟು ಗಟ್ಟಿಯಾಗಿ ಓದಿ ಹೇಳುತ್ತಿದ್ದರಂತೆ. "ನಂಗೆ ನೆನಪಿರುತ್ತೆ ಅಂದ್ಕೊಂಡಿದ್ದೆ. ಈಗ ನೋಡಿದ್ರೆ ಒಂದೂ ಪೂರ್ತಿ ಬರಲ್ಲ. ಬಾತುಕೋಳಿದು ಒಂದಿತ್ತು. ಬಾತುಕೋಳಿ ಜೊತೆ... ಬಾತುಕೋಳಿ ಬಂದಾಗ... ಅಲ್ಲ, ಹಂಗಲ್ಲ..."

ಮೊಣಕಾಲ ಮೇಲೆ ಬೆರಳು ಬಡಿಯುತ್ತ ಹುಡುಕಿದರು. ಬಹಳ ಹೊತ್ತು ಹುಡುಕಿದರು. ನನಗೆ ತಡೆಯಲಾಗಲಿಲ್ಲ.

"ಬಾತುಕೋಳಿಗೆ ಬೈಯುವಾಗ," ಅಂದೆ.

"ಹಾಂ! ಅದೇ! ಬೈಯುವಾಗ!" ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. "ಅದು ದಿನಾ ಬಂದು ನಮ್ಮ ದೋಣಿ ಮೇಲೆ ಕಕ್ಕ ಮಾಡ್ತಿತ್ತು ಸೂಳೇಮಗಂದು!"

"ಬೆಣ್ಣೆ ಗಟ್ಟಿಯಾಗಿದ್ದ ದಿನ."

"ಬೆಣ್ಣೆ! ಹೌದು ಹೌದು! ಇನ್ನೂ ಹೇಳಿ, ಇನ್ನೂ ಹೇಳಿ!"

ನನ್ನ ಹತ್ತಿರ ಇನ್ನಿರಲಿಲ್ಲ. ಉಳಿದದ್ದನ್ನು ನಾನು ಓದಿರಲೇ ಇಲ್ಲ.

"ನಿಮಗೆ ಹೆಂಗಮ್ಮ ಗೊತ್ತು?"

"ಎಲ್ಲೋ ನೋಡಿದ ನೆನಪು."

ಓನ್ನೊ ಕುಕ್ಕರಗಾಲಿನಲ್ಲೇ ಕುತ್ತಿಗೆ ತಿರುಗಿಸಿ ನನ್ನನ್ನು ನೋಡಿದ.

ಓನ್ನೊ ನನ್ನನ್ನು ಕಾರಿನಲ್ಲಿ ವಾಪಸು ಕರೆತಂದ. ನನ್ನ ಮನೆ ಮುಂದೆ ನಿಲ್ಲಿಸಿ, ಎದುರಿನ ಗಾಜು ನೋಡುತ್ತಲೇ ಹೇಳಿದ: "ಫೆನ್ನಾ ಕೇಳಿದಾಗ ನೋಡಿಲ್ಲ ಅಂದ್ರಿ."

"ಹೌದು."

"ಸರಿ," ಅಂದ. ನಾನು ಇಳಿದೆ.

ಜನವರಿ ೧೪, ಭಾನುವಾರ

ಬರೆಯಲಾರೆ.

ಜನವರಿ ೧೭, ಬುಧವಾರ

ಜಾಲತಾಣದ ಮೊದಲ ಪುಟದಲ್ಲಿ ಓನ್ನೊ ಕ್ಷಮಾಪಣೆ ಹಾಕಿದ್ದಾನೆ. 'ನಾನು ಬರೆದ ಪ್ರೋಗ್ರಾಮಿನ ದೋಷದಿಂದ.' ಕೆಳಗೆ ಅವನ ಪೂರ್ತಿ ಹೆಸರು. ಶನಿವಾರಕ್ಕೆ ಮುಂಚೆಯೇ ಬರೆದಿಟ್ಟಿದ್ದನೋ, ಆಮೇಲೆ ಬರೆದನೋ ಗೊತ್ತಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನಬಹುದಿತ್ತು.

ಪರದೆ ಎಳೆದುಕೊಂಡು ಕೂತಿದ್ದೆ. ನಮ್ಮೂರಲ್ಲಿ ಪರದೆ ಎಳೆದರೆ ಪಕ್ಕದವರು ಆರೋಗ್ಯ ಕೇಳಲು ಬರುತ್ತಾರೆ. ಬಂದರು. ಜ್ವರ ಅಂದೆ. ಅದೂ ಒಂದು ಸುಳ್ಳು.

ಜನವರಿ ೨೦, ಶನಿವಾರ

ಬಸ್ಸಿನಲ್ಲಿ ಒಬ್ಬಳೇ ಹೋದೆ. ಇಳಿದದ್ದೇ ಆ ಪೋಸ್ಟರಿನ ಮುಂದೆ. ಚೆನ್ನಾಗಿಯೇ ಬರೆದಿದ್ದಾನೆ ಪುಣ್ಯಾತ್ಮ. ಕೆಳಗಿನ ನೋಟ, ಇಳಿಬಿದ್ದ ತೋಳು. ನಗುವನ್ನು ಮಾತ್ರ ತೆಗೆದುಹಾಕಿದ್ದಾನೆ.

ಹಾರ್ಮ್ ಬಾಗಿಲು ತೆಗೆದರು. ನನ್ನ ಬೂಟು ಗುರುತು ಹಿಡಿದು "ಓ, ಬಾತುಕೋಳಿ ಅಮ್ಮ!" ಎಂದು ಖುಷಿಪಟ್ಟರು. ಆ ಖುಷಿ ನೋಡಿ ವಾಪಸು ಓಡಿಹೋಗೋಣ ಅನ್ನಿಸಿತು. ಈ ಸಲ ಕೂತೆ. ಹೇಳಿದೆ. ಕಂಪ್ಯೂಟರ್ ಅಲ್ಲ, ನಾನು.

"ನೋಡ್ದೇನೇ ನೋಡಿದೀನಿ ಅಂತ ಹಾಕಿದ್ರಾ?"

"ಹೌದು."

"ಲಾಮ್ಮಿ ಬರೆದಿದ್ದು?"

"ಎರಡು ಓದಿದೆ. ನಕ್ಕೆ. ಆಮೇಲೆ ಎಲ್ಲ ಅಳಿಸಿದೆ."

"ಯಾಕೆ ನಕ್ಕಿದ್ದು? ತಮಾಷೆಯಾಗಿದೆ ಅಂತಲೋ, ಪೆದ್ದು ಅಂತಲೋ?"

ಸುಳ್ಳು ಹೇಳಬಹುದಿತ್ತು. "ಪೆದ್ದು ಅಂತ," ಅಂದೆ.

ಅವರು ಬಹಳ ನಿಧಾನಕ್ಕೆ, ಕುರ್ಚಿಯ ಕೈ ಹಿಡಿದು ಎದ್ದರು. ಬಾಗಿಲ ತನಕ ನಡೆದರು. ಬಾಗಿಲು ತೆಗೆದು ಹಿಡಿದುಕೊಂಡು ನಿಂತರು.

"ಆ ಹುಡುಗ ನನ್ನ ಮುಂದೆ ನೆಲದಲ್ಲಿ ಕೂತು ಕ್ಷಮಿಸಿ ಅಂದ. ನೀವು ಅಲ್ಲೇ ಕಿಟಕಿ ಹತ್ರ ನಿಂತಿದ್ರಿ," ಅಂದರು. "ಹೊರಡಿ ಮೇಡಂ."

ಮುಂದಿನ ಬಸ್ಸಿಗೆ ತುಂಬ ಹೊತ್ತಿತ್ತು. ನಿಲ್ಲಲು ಬೇರೆ ಜಾಗವಿರಲಿಲ್ಲ. ಪೋಸ್ಟರಿನ ಪಕ್ಕದಲ್ಲೇ ನಿಂತಿದ್ದೆ.

ಜನವರಿ ೨೧, ಭಾನುವಾರ

ಫೆನ್ನಾ, ಓನ್ನೊ ಇಬ್ಬರಿಗೂ ಹೇಳಿದೆ. ಫೆನ್ನಾ ಮನೆಯ ಹೀಟರ್ ಕೆಟ್ಟಿತ್ತು, ಎಲ್ಲರೂ ಕೋಟಿನಲ್ಲೇ ಕೂತಿದ್ದೆವು. ಓನ್ನೊ ಚಳಿಗೆ ಕೈ ಕಟ್ಟಿಕೊಂಡಿದ್ದ.

"ಆ ಫೋನ್ ಬಂದ ವಾರವೆಲ್ಲ ನಾನು ಇಲ್ಲದ ತಪ್ಪು ಹುಡುಕ್ತಾ ಕೂತಿದ್ದೆ, ಗೊತ್ತಾ?" ಅಂದ. "ಮಗು ಮಲಗಿಸೋಕೂ ಹೋಗ್ದೆ. ಹೆಂಡ್ತಿ ಹತ್ರ ಬೈಸ್ಕೊಂಡೆ. ನಂದೇ ಪ್ರೋಗ್ರಾಮ್ ಅಂತ ನಾನು ನಿಜವಾಗ್ಲೂ ನಂಬಿದ್ದೆ."

"ಹಾರ್ಮ್ ಮನೇಲೇ ಗೊತ್ತಾಯ್ತಲ್ಲ. ಆಮೇಲೂ ನಿನ್ನ ಹೆಸರೇ ಹಾಕಿದೆ, ಯಾಕೆ?" ಅಂದೆ.

"ನೀವೇ ಹೇಳ್ತೀರಿ ಅಂದ್ಕೊಂಡೆ. ಬುಧವಾರದ ತನಕ ಕಾದೆ. ಅಷ್ಟು ದಿನ ಆ ಮುದುಕರಿಗೆ ಉತ್ತರ ಇಲ್ದೆ ಬಿಡೋಕಾಗಲ್ವಲ್ಲ."

ಫೆನ್ನಾ ಬೈಯಲಿಲ್ಲ. ಕೈ ಚಾಚಿದಳು. "ಪಾಸ್‌ವರ್ಡ್ ಬರ್ದುಕೊಡು. ಇನ್ಮೇಲೆ ನೀನು ಹೆಸರು ಸೂಚಿಸ್ಬಹುದು, ಅಷ್ಟೆ. ನಾನು ನೋಡಿ ಒಪ್ಪಿದ್ರೆ ಹೋಗುತ್ತೆ." ಬರೆದುಕೊಟ್ಟೆ. ಮೊದಲ ಪುಟದ ಕ್ಷಮಾಪಣೆಯಲ್ಲಿ ಓನ್ನೊ ಹೆಸರು ತೆಗೆದು ನನ್ನದು ಹಾಕಿಸಿದೆ. ಇವತ್ತು ಮೂವರು ಸದಸ್ಯರು ಅದರ ಕೆಳಗೆ ನನ್ನನ್ನು ಬೈದು ಬರೆದಿದ್ದಾರೆ. ಓದಿದೆ. ಅವರು ಬರೆದದ್ದರಲ್ಲಿ ಸುಳ್ಳೇನಿಲ್ಲ.

ಫೆಬ್ರವರಿ ೨, ಶುಕ್ರವಾರ

ಪೋಸ್ಟರ್ ತೆಗೆಸುತ್ತೇವೆ ಎಂದು ಸಂಘದವರು ಒಪ್ಪಿದ್ದಾರಂತೆ. ಸದ್ಯ.

ಅಕ್ಕನ ಫೋನ್. "ಕೆಲಸ ಹೇಗಿದೆ?" ಎಂದು ಕೇಳುವ ಮುಂಚೆಯೇ, ಕೆಲಸ ಇಲ್ಲ ಅಕ್ಕ, ಜೂನ್‌ನಿಂದ ಇಲ್ಲ ಅಂದೆ.

"ಗೊತ್ತು ಕಣೇ," ಅಂದಳು.

"ಹೇಗೆ ಗೊತ್ತು?"

"ಕೆಲಸ ಇದ್ದಾಗ ನೀನು ಯಾವತ್ತು ಫೋನ್ ಎತ್ತಿದೀಯ? ಈಗ ಮೊದಲ್ನೇ ರಿಂಗಿಗೇ ಎತ್ತೀಯ. ಹಬ್ಬದ ದಿನ ನಿನ್ನ ಮುಖ ನೋಡ್ತಾನೇ ಕೂತಿದ್ದೆ, ಈಗ ಹೇಳ್ತಾಳೆ, ಆಗ ಹೇಳ್ತಾಳೆ ಅಂತ. ಪದ್ಯದಲ್ಲಿ ಬೇಕು ಅಂತಲೇ ಆ ಸಾಲು ಹಾಕ್ದೆ. ಕತ್ತೆ, ಬಿಸ್ಕತ್ ತಿಂದ್ಕೊಂಡು ಕೂತೆ."

ಅವತ್ತು ಅವಳು ಕಾಲಮೇಲೆ ಕಾಲು ಹಾಕಿ ಕೂತಿದ್ದು ಯಾಕೆ ಎಂದು ಕೇಳಿದೆ. "ಯಾಕೆ ಅಂದ್ರೆ? ಮಂಡಿ ನೋವು ಕಣೇ, ಹಾಗೆ ಕೂತ್ರೆ ಹಾಯಾಗಿರುತ್ತೆ" ಅಂದಳು. ಮಂಡಿ ನೋವೆಂದು ನನಗೆ ಗೊತ್ತೇ ಇರಲಿಲ್ಲ.

ಫೆಬ್ರವರಿ ೧೦, ಶನಿವಾರ

ಹಾರ್ಮ್ ಫೋನ್ ಮಾಡಿದರು. ನಾನು ಎದ್ದು ನಿಂತು ಮಾತಾಡಿದೆ, ಅವರಿಗೆ ಕಾಣುವುದಿಲ್ಲ ಎಂದು ಗೊತ್ತಿದ್ದರೂ.

"ಬರೋ ಶನಿವಾರದಿಂದ ಬನ್ನಿ. ಕ್ಷಮಿಸೋಕಲ್ಲ, ಕೆಲಸಕ್ಕೆ. ಒಂದೊಂದು ಫೋಟೋಲೂ ನಾನೇನ್ ಮಾಡ್ತಿದ್ದೆ ಅಂತ ನಾನ್ ಹೇಳ್ತೀನಿ, ನೀವು ಬರೀರಿ. ನನ್ನ ಬೆರಳಿಗೆ ಕೀಲಿಮಣೆ ಆಗಲ್ಲ. ಓನ್ನೊಗೆ ಮಗು ಇದೆ. ನಿಮಗೇನು ಕೆಲಸ ಇಲ್ಲ ಅಂತ ಅವನೇ ಹೇಳಿದ."

ಕಿವಿ ಬಿಸಿಯಾಯಿತು. ಬರುತ್ತೇನೆ ಅಂದೆ.

ಫೆಬ್ರವರಿ ೧೭, ಶನಿವಾರ

ಎತ್ತರದ ಕುರ್ಚಿ ಬೇಡವೆಂದು ಅವರ ಬೂಟು ಹಾಕಿಕೊಳ್ಳುವ ಮೋಟು ಸ್ಟೂಲಿನ ಮೇಲೆ ಕೂತೆ. ಅವರು ನನ್ನ ಮುಖವನ್ನು ಪೂರ್ತಿಯಾಗಿ ನೋಡಿದ್ದು ಇವತ್ತೇ ಮೊದಲಿರಬೇಕು.

ಮೊದಲ ಫೋಟೋ: ಹಿತ್ತಲಲ್ಲಿ ಸೊಂಟದ ಮೇಲೆ ಎರಡೂ ಕೈ.

"ಸಿಟ್ಟು ಬಂದಿತ್ತಾ?" ಕೇಳಿದೆ.

"ಪ್ಯಾಂಟು ಜಾರ್ತಿತ್ತು."

ಬರೆದುಕೊಂಡೆ: ನಿಂತು, ಎರಡೂ ಕೈ ಸೊಂಟದ ಮೇಲೆ. ಹೀಗೇ ಹತ್ತಾರು ಫೋಟೋ ಆದವು. ಗೋಡೆಗೆ ಆತು ನಿಂತದ್ದು ಸುಸ್ತಿಗೆ ಅಲ್ಲ, ಗೋಡೆ ಬಿಸಿಲಿಗೆ ಬೆಚ್ಚಗಿತ್ತಂತೆ. ಕಣ್ಣಿಗೆ ಕೈ ಅಡ್ಡ ಹಿಡಿದದ್ದು ಅಳುವಿಗೆ ಅಲ್ಲ, ಈರುಳ್ಳಿ. ಒಂದರಲ್ಲಿ ಮಾತ್ರ ಅಳುವೇ. ಅದನ್ನು ಅವರು ಹೇಳಿದರು, ನಾನು ಬರೆಯಲಿಲ್ಲ. ಬರೆದದ್ದು ಇಷ್ಟೇ: ಕೂತು, ಒಂದು ಕೈ ಕಣ್ಣಿನ ಮೇಲೆ.

ಒಂದು ಕಡೆ ಅವರನ್ನು ಖುಷಿಪಡಿಸಲೆಂದು ಲಾಮ್ಮಿಯ ಹಾಗೆ ಏನೋ ತಮಾಷೆಯಾಗಿ ಬರೆದು ಓದಿದೆ. ಹಾರ್ಮ್ ಮುಖ ಬಿಗಿಯಾಯಿತು. "ಅದು ಬೇಡ. ಅವಳ ಥರ ಬರೀಬೇಡಿ." ಅಳಿಸಿದೆ. ಮನೆಗೆ ಬಂದ ಮೇಲೂ ಆ ಮಾತು ಕಿವಿಯಲ್ಲೇ ಇದೆ. ನನಗೆ ಇನ್ನೂ ಬುದ್ಧಿ ಬಂದಿಲ್ಲ.

ಬಾತುಕೋಳಿಯದು, ಬೆಣ್ಣೆಯದು, ಅವೆರಡನ್ನು ಮಾತ್ರ ಇದ್ದ ಹಾಗೇ ವಾಪಸು ಹಾಕಲು ಫೆನ್ನಾ ಒಪ್ಪಿದ್ದಾಳೆ. ನಿಯಮಕ್ಕೆ ವಿರುದ್ಧ ಅಂದೆ. "ಬಾಯ್ಮುಚ್ಚು" ಅಂದಳು.

ಮಾರ್ಚ್ ೧೬, ಶನಿವಾರ

ಪೋಸ್ಟರ್ ಹೋಗಿದೆ, ಅಲ್ಲೀಗ ಯಾವುದೋ ಸರ್ಕಸ್ಸಿನದು. "ನಡೀರಿ, ಬೇಕರಿಗೆ ಹೋಗೋಣ," ಅಂದರು ಹಾರ್ಮ್. ಟೋಪಿ ಹಾಕಿಕೊಂಡರು. ಅವರು ನೆಲ ನೋಡಿಕೊಂಡು ನಡೆಯುತ್ತಾರೆ, ಊರಿನ ಒಂದೊಂದು ಕಲ್ಲೂ ಗೊತ್ತು. ನಾನೇ ಎರಡು ಸಲ ಎಡವಿದೆ.

ಬೇಕರಿ ತುಂಬ ಜನ. ಅಂಗಡಿಯವಳು ದನಿ ಇಳಿಸಿ, "ಹಾರ್ಮಣ್ಣ! ಹೇಗಿದೀರಾ... ಈಗ?" ಅಂದಳು.

"ನಾನು ಕುಡಿಯೋನಲ್ಲ ಕಣಮ್ಮ," ಅಂದರು ಹಾರ್ಮ್, ದೋಣಿಯಿಂದ ದಡಕ್ಕೆ ಕೂಗುವ ದನಿಯಲ್ಲಿ. "ಶನಿವಾರ ಒಂದು ಲೋಟ, ಅದು ಲೆಕ್ಕಕ್ಕಿಲ್ಲ. ಅದೆಲ್ಲ ಇವಳು ಮಾಡಿದ ಎಡವಟ್ಟು. ಇಲ್ಲೇ ಇದಾಳೆ ನೋಡಿ. ಇವಳನ್ನೇ ಕೇಳಿ."

ಎಲ್ಲರೂ ತಿರುಗಿದರು. ಒಬ್ಬಳು ಬ್ರೆಡ್ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ಬಿಟ್ಟಳು. ನೆಲ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ಹೌದು, ನಂದೇ ತಪ್ಪು ಅಂದೆ. ಇವರು ಕುಡಿಯುವವರಲ್ಲ, ಅವಮಾನವೂ ಪಟ್ಟವರಲ್ಲ, ಫೋಟೋ ನೋಡದೆ ನಾನು ಹೆಸರಿಟ್ಟೆ. ಹಿಂದಿನವರಿಗೆ ಕೇಳಿಸಲಿಲ್ಲ. "ಗಟ್ಟಿಯಾಗಿ," ಅಂದರು ಹಾರ್ಮ್. ಮತ್ತೆ ಮೊದಲಿನಿಂದ ಹೇಳಿದೆ.

"ಅಯ್ಯೋ, ಹಾಗಾ," ಅಂದಳು ಅಂಗಡಿಯವಳು. ಅವಳ ಕುತ್ತಿಗೆಯೆಲ್ಲ ಕೆಂಪಾಗಿತ್ತು. ಹಾರ್ಮ್‌ಗೆ ಒಣದ್ರಾಕ್ಷಿ ಬ್ರೆಡ್ ಕಟ್ಟಿಕೊಟ್ಟಳು. ನನಗೆ ಏನು ಬೇಕೆಂದು ಕೇಳಲಿಲ್ಲ.

ವಾಪಸು ಬರುವಾಗ ಹಾರ್ಮ್ ಸಿಳ್ಳೆ ಹಾಕುತ್ತಿದ್ದರು. ಗೇಟಿನ ಹತ್ತಿರ ನಿಂತು, "ಇವತ್ತಿಗೆ ಸಾಕು. ಮುಂದಿನ ವಾರ ಬರ್ತೀಯಲ್ಲ? ಚೀಸ್ ತಗೊಂಡ್ ಬಾ, ಜೀರಿಗೆ ಹಾಕಿದ್ದು" ಅಂದರು. ಬಸ್ಸಿನಲ್ಲಿ ಮುಖ ಇನ್ನೂ ಉರಿಯುತ್ತಿತ್ತು. ಜೀರಿಗೆ ಚೀಸ್ ಮರೆಯಬಾರದು.

ಏಪ್ರಿಲ್ ೬, ಶನಿವಾರ

ಹಳೆಯ ಫೋಟೋಗಳು ಮುಗಿದವು. ಲಾಮ್ಮಿ ಹೋದ ಮೇಲೆ ತನ್ನ ಒಂದು ಫೋಟೋವೂ ಇಲ್ಲ, ತೆಗಿ ಅಂದರು. ಓನ್ನೊ ಕ್ಯಾಮೆರಾ ತಂದಿದ್ದ, ಮಗಳನ್ನೂ ಕರೆತಂದಿದ್ದ. ಅವನು ಈಗ ನನ್ನ ಜೊತೆ ಮಾತಾಡುತ್ತಾನೆ, ಮೊದಲಿನಷ್ಟಲ್ಲ.

ಹಾರ್ಮ್ ಕಾಲುವೆ ದಂಡೆಯಲ್ಲಿ ನಿಂತರು. ನಾನು ಕುಕ್ಕರಗಾಲಲ್ಲಿ ಕೂತೆ. "ಇನ್ನೂ ಕೆಳಗೆ," ಅಂದರು. ಮಂಡಿಯೂರಿದೆ. "ಟೋಪಿ ಬಂದಿರುತ್ತೆ ಅಷ್ಟೆ. ಇನ್ನೂ ಕೆಳಗೆ. ಲಾಮ್ಮಿ ಮಲ್ಗೇಬಿಡ್ತಿದ್ಲು." ಒದ್ದೆ ಹುಲ್ಲಿನ ಮೇಲೆ ಹೊಟ್ಟೆ ಊರಿ ಮಲಗಿದೆ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಪಕ್ಕದ ಮನೆಯವನು ನಿಂತು, "ಏನ್ ಹಾರ್ಮ್, ಈ ವಯಸ್ಸಲ್ಲಿ ಹೆಂಗಸ್ರನ್ನ ಕಾಲಿಗೆ ಬೀಳಿಸ್ಕೊಳ್ತಿದೀಯಾ?" ಅಂದ.

"ಬಿದ್ದಿರೋಳು ಅವಳೇ, ನಾನೇನೂ ತಳ್ಳಿಲ್ಲ," ಅಂದರು ಹಾರ್ಮ್. ನಕ್ಕರು. ಆಗ ತೆಗೆದೆ.

ಏಪ್ರಿಲ್ ೮, ಸೋಮವಾರ

ಓನ್ನೊ ಎರಡು ಫೋಟೋ ಕಳಿಸಿದ್ದಾನೆ, ಎರಡಕ್ಕೂ ಹೆಸರು ಸೂಚಿಸಿ ಎಂದು. ಒಂದು ಹಾರ್ಮ್ ಅವರದು: ನಿಂತು, ಬೆನ್ನು ಬಾಗಿ, ಕೈಗಳು ಬೆನ್ನ ಹಿಂದೆ. ಅದನ್ನು ಬೇಗ ಬರೆದೆ.

ಇನ್ನೊಂದು ನನ್ನದು. ನಾನು ಫೋಟೋ ತೆಗೆಯುವಾಗ ಅವನು ಪಕ್ಕದಿಂದ ತೆಗೆದಿದ್ದಾನೆ, ನನಗೆ ಗೊತ್ತೇ ಆಗಿಲ್ಲ. ಸ್ವೆಟರ್ ಮೇಲೆ ಸರಿದು ಬೆನ್ನಿನ ಒಂದು ಪಟ್ಟಿ ಬರಿದಾಗಿ ಕಾಣುತ್ತದೆ. ಪ್ಯಾಂಟಿನ ಬದಿಗೆಲ್ಲ ಕೆಸರು. ಸೊಂಟ ಇಷ್ಟು ಅಗಲವಾಗಿದೆಯೆಂದು ಯಾರೂ ಹೇಳಿರಲಿಲ್ಲ. ಇದನ್ನು ಯಾರು ಬೇಕಾದರೂ ನೋಡುತ್ತಾರೆ, ನೋಡಿ ಬರೆದುಕೊಳ್ಳುತ್ತಾರೆ, ಎಲ್ಲಿ ಬೇಕಾದರೂ ಅಂಟಿಸುತ್ತಾರೆ. ಬೇಡವೆಂದು ಓನ್ನೊಗೆ ಬರೆಯಲು ಶುರುಮಾಡಿದೆ. ಅರ್ಧಕ್ಕೆ ಬಿಟ್ಟೆ. ದೊಡ್ಡದು ಮಾಡಿ ನೋಡಿದೆ, ತುಂಬ ಹೊತ್ತು.

ಫೆನ್ನಾಗೆ ಕಳಿಸಿದ್ದು: ಬೋರಲು ಮಲಗಿ, ಮೊಣಕೈ ಊರಿ, ತಲೆ ಎತ್ತಿ.